ಲೂಡ್ಗರನ ಕುರ್ಚಿ ಗೋಡೆ ಹತ್ತಿದ್ದು

ಮೂರ್‌ಬೆಕ್ ಊರಿಗೆ ನಾನು ಬಂದು ಆಗ ಎರಡು ತಿಂಗಳೂ ಆಗಿರಲಿಲ್ಲ. ಏಪ್ರಿಲ್ಲಿನ ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಬರುತ್ತೇನೆ, ನಮ್ಮ ಬೀದಿಯ ಅಷ್ಟೂ ಮನೆಗಳ ಸಾಮಾನು ಫುಟ್‌ಪಾತಿನ ಮೇಲೆ! ಸೋಫಾ, ಹಾಸಿಗೆ, ತೊಟ್ಟಿಲು, ಕಾಲು ಮುರಿದ ಮೇಜು, ಮುಳ್ಳಿಲ್ಲದ ಗೋಡೆ ಗಡಿಯಾರ. ಎದುರು ಮನೆಯ ಟೆಂಬ್ರಿಂಕ್ ದಂಪತಿಯಂತೂ ಒಂದು ಹಳೆಯ ಕುರ್ಚಿಯ ಆ ಕಡೆ ಈ ಕಡೆ ನಿಂತು, ಅದನ್ನು ಹಿಡಿದುಕೊಂಡು ಜೋರು ದನಿಯಲ್ಲಿ ಏನೋ ಹೇಳುತ್ತಿದ್ದರು. ಕೋರ್ಟಿನವರು ಬಂದು ಇಡೀ ಬೀದಿಯನ್ನೇ ಖಾಲಿ ಮಾಡಿಸಿದ್ದಾರೆ, ಪಾಪ, ಕೊನೆಗುಳಿದ ಕುರ್ಚಿಯನ್ನು ತಬ್ಬಿಕೊಂಡು ಅಳುತ್ತಿದ್ದಾರೆ ಎಂದುಕೊಂಡೆ. (ನನ್ನೊಬ್ಬನ ಮನೆಯನ್ನು ಯಾಕೆ ಬಿಟ್ಟರು ಎಂಬ ಪ್ರಶ್ನೆ ಹೊಳೆಯಲಿಲ್ಲ. ಕರುಣೆ ಉಕ್ಕಿದಾಗ ಬುದ್ಧಿ ರಜೆ ಹಾಕುತ್ತದೆ.) ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಓಡಿದೆ.

"ಧೈರ್ಯ ತಂದ್ಕೊಳ್ಳಿ. ಇವತ್ತು ನಮ್ಮನೇಲೇ ಮಲಗಿ," ಎಂದೆ.

ರೋಸ್‌ವಿಟಾ ಟೆಂಬ್ರಿಂಕ್ ನನ್ನನ್ನು ನೋಡಿದಳು, ಫ್ಲಾಸ್ಕನ್ನು ನೋಡಿದಳು. "ಯಾಕೆ? ನಮ್ಮ ಮಂಚಕ್ಕೇನಾಗಿದೆ?"

ಆಮೇಲೆ ವಿಷಯ ತಿಳಿದು ಕಪಾಟಿಗೆ ಒರಗಿಕೊಂಡು ನಕ್ಕಳು. "ಇದು ದೊಡ್ಡ ಕಸದ ದಿನ ಕಣ್ರೀ! ಏಪ್ರಿಲ್ಲಲ್ಲೊಂದು, ಅಕ್ಟೋಬರಲ್ಲೊಂದು. ಬೇಡದ್ದನ್ನ ಹೊರಗಿಡ್ತೀವಿ. ಬೇಕಾದವರು ಹೊತ್ತುಕೊಂಡು ಹೋಗ್ತಾರೆ. ಉಳಿದದ್ದನ್ನ ಬೆಳಿಗ್ಗೆ ಲಾರಿ ನುಂಗುತ್ತೆ. ಸುಮ್ನೆ ನಿಂತಿರೋ ಬದಲು ಆ ದೀಪ ತಗೊಂಡು ಹೋಗಿ. ಚೆನ್ನಾಗಿ ಉರಿಯುತ್ತೆ."

ದೀಪ ಇವತ್ತಿಗೂ ಉರಿಯುತ್ತಿದೆ. ಇದನ್ನು ಬರೆಯುತ್ತಿರುವುದು ಅದರ ಬೆಳಕಿನಲ್ಲೇ. (ಆರು ವರ್ಷ "ನೀವು, ತಾವು" ಎಂದಾದ ಮೇಲೆ ಒಂದು ದಿನ ರೋಸ್‌ವಿಟಾಳ ಗಂಡ ಲೂಡ್ಗರ್ ಟೆಂಬ್ರಿಂಕ್ ಬಿಯರ್ ಗ್ಲಾಸು ಎತ್ತಿ, ಇನ್ನು ಮುಂದೆ ನಾವು ಮೂವರೂ "ನೀನು" ಎಂದು ವಿಧಿವತ್ತಾಗಿ ಘೋಷಿಸಿದ. ಹಿರಿಯರನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಬೇಸರಿಸಬಾರದು. ಬಹುವಚನ ಬಳಸಿದರೆ ಅವನೇ ಬೇಸರಿಸುತ್ತಾನೆ.)

ಆ ಸಂಜೆ ಗಂಡ ಹೆಂಡತಿ ಅಳುತ್ತಿರಲಿಲ್ಲ. ಕುರ್ಚಿಯನ್ನು ಎಳೆದಾಡುತ್ತಿದ್ದರು.

ಕುರ್ಚಿ ಎಂದರೆ ಲೂಡ್ಗರನ ಕುರ್ಚಿ. ತನ್ನ ಮೊದಲ ಸಂಬಳದಲ್ಲಿ, ಮದುವೆಗೆ ಮುಂಚೆ ಕೊಂಡದ್ದು. ಕಂದು ಬಣ್ಣದ ಕಾರ್ಡುರಾಯ್ ಬಟ್ಟೆ. ಬಲತೋಳಿನ ಮೇಲೆ ಕಾಫಿ ಲೋಟದ ಗುರುತುಗಳು ಮರದ ಕಾಂಡದ ಉಂಗುರಗಳಂತೆ ವರ್ಷ ಲೆಕ್ಕ ಹೇಳುತ್ತಿದ್ದವು. ಹಿಂದಿನ ಎಡಗಾಲು ಮುರಿದದ್ದಕ್ಕೆ ಬೇಲಿಯ ಗೂಟವೊಂದನ್ನು ಕತ್ತರಿಸಿ ಜೋಡಿಸಿದ್ದ. ಕೂತರೆ ಒಳಗಿನ ಸ್ಪ್ರಿಂಗು "ಕೊಂಯ್" ಎನ್ನುತ್ತಿತ್ತು. ಆ "ಕೊಂಯ್" ಕೇಳಿದರೆ ಲೂಡ್ಗರನಿಗೆ ದಿನ ಮುಗಿಯಿತೆಂದು ಅರ್ಥ. ರೋಸ್‌ವಿಟಾಳಿಗೆ ತಲೆನೋವು ಶುರುವಾಯಿತೆಂದು ಅರ್ಥ.

ಮದುವೆಯಾದ ವರ್ಷದಿಂದ ಅವರಲ್ಲೊಂದು ಅಲಿಖಿತ ಒಪ್ಪಂದ. ವರ್ಷಕ್ಕೆರಡು ಸಲ, ದೊಡ್ಡ ಕಸದ ದಿನ ಮಧ್ಯಾಹ್ನ, ರೋಸ್‌ವಿಟಾ ಕುರ್ಚಿಯನ್ನು ಹೊರಗಿಡುತ್ತಾಳೆ. ಐದು ಗಂಟೆಗೆ ಕೆಲಸದಿಂದ ಬಂದ ಲೂಡ್ಗರ್ ಅದನ್ನು ಒಳಗೆ ತರುತ್ತಾನೆ. ಅವಳು ತನ್ನ ಅಭಿಪ್ರಾಯ ಹೇಳಿದಂತಾಯಿತು, ಅವನು ಉತ್ತರ ಕೊಟ್ಟಂತಾಯಿತು. ಇಪ್ಪತ್ತೊಂಬತ್ತು ವರ್ಷ ಹೀಗೆ ಆ ಕುರ್ಚಿ ಹೊಸಿಲು ದಾಟಿದ್ದು ನೂರಕ್ಕೂ ಹೆಚ್ಚು ಬಾರಿ. ಎಷ್ಟೋ ಮಂದಿ ಜೀವಮಾನದಲ್ಲಿ ಅಷ್ಟು ಸಲ ಮನೆಯಿಂದ ಹೊರಬಿದ್ದಿರುವುದಿಲ್ಲ.

ಇನ್ನು ಲೂಡ್ಗರನ ಉದ್ಯೋಗ. ಅವನು ಹೌಸ್‌ಮೈಸ್ಟರ್, ಅಂದರೆ ಊರಿನ ಸರ್ಕಾರಿ ಕಚೇರಿಯ ಕಟ್ಟಡ ನೋಡಿಕೊಳ್ಳುವವನು. ಸೊಂಟದಲ್ಲಿ ನಲವತ್ತೆರಡು ಬೀಗದ ಕೈ. ನಗರಾಧ್ಯಕ್ಷರು ಐದು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಬಾಯ್ಲರ್ ರೂಮಿನ ಬೀಗದ ಕೈ ಮಾತ್ರ ಬದಲಾಗುವುದಿಲ್ಲ, ಹಾಗಾಗಿ ನಿಜವಾದ ಆಡಳಿತ ಯಾರದ್ದೆಂದು ತಿಳಿದವರಿಗೆ ತಿಳಿದಿದೆ ಎಂಬುದು ಅವನ ನಂಬಿಕೆ. ನಾನು ಊರಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಆ ಹಳೆಯ ಕಟ್ಟಡ ಸೋರತೊಡಗಿ, ಪಾಸ್‌ಪೋರ್ಟಿಗೆ, ವಿಳಾಸ ಬದಲಾವಣೆಗೆ, ನಾಯಿ ನೋಂದಣಿಗೆ ಬರುವ ನಾಗರಿಕರಿಗಾಗಿ ಹೊಸ ಕಚೇರಿ ಕಟ್ಟುವುದೆಂದಾಯಿತು.

ಸರ್ಕಾರ ಏನನ್ನು ಕಟ್ಟಿದರೂ ಖರ್ಚಿನ ನೂರರಲ್ಲೊಂದು ಪಾಲನ್ನು ಕಲೆಗೆ ತೆಗೆದಿಡಬೇಕೆಂಬುದು ಇಲ್ಲಿಯ ಹಳೆಯ ಕ್ರಮ. ಸಿಮೆಂಟಿಗೆ ಎಷ್ಟು, ಕಿಟಕಿಗೆ ಎಷ್ಟು, ಕಕ್ಕಸಿಗೆ ಎಷ್ಟು ಎಂದು ಬರೆದ ಪಟ್ಟಿಯಲ್ಲೇ ಸೌಂದರ್ಯಕ್ಕೆ ಎಷ್ಟು ಎಂದೂ ಬರೆದಿರುತ್ತದೆ. ಯಾವ ಕಲಾಕೃತಿ ಬೇಕೆಂದು ಆರಿಸಲು ತೀರ್ಪುಗಾರರ ಮಂಡಳಿ. ಅದರಲ್ಲಿ ಕಲೆ ಬಲ್ಲವರು ನಾಲ್ಕು ಜನ, ಬಲ್ಲವರೆಂದು ಭಾವಿಸಿದವರು ಇಬ್ಬರು, ಕಟ್ಟಡವನ್ನು ನಿಜವಾಗಿ ಬಳಸುವವರ ಪ್ರತಿನಿಧಿಯೊಬ್ಬ. ಆ ಒಬ್ಬನ ಜಾಗಕ್ಕೆ ನಗರ ನಿರ್ಮಾಣ ಇಲಾಖೆಯ ಮುಖ್ಯಸ್ಥೆ ಫ್ರಾವ್ ಡಾಕ್ಟರ್ ಹೆಲ್ಮಿಗ್ ಅವರು ಲೂಡ್ಗರನನ್ನು ಹೆಸರಿಸಿ ಪತ್ರ ಕಳಿಸಿದರು. (ಇಲ್ಲಿ ಗೌರವಕ್ಕೆ ಹೆಂಗಸರ ಹೆಸರಿನ ಮುಂದೆ ಫ್ರಾವ್, ಗಂಡಸರ ಹೆಸರಿನ ಮುಂದೆ ಹೆರ್.)

ಪತ್ರ ಬಂದ ದಿನದಿಂದ ಲೂಡ್ಗರ್ ನೆಲದ ಮೇಲೆ ನಡೆಯುವುದನ್ನು ಬಿಟ್ಟ. ಕಪ್ಪು ಬಣ್ಣದ, ಕತ್ತಿನ ತನಕ ಮುಚ್ಚುವ ಸ್ವೆಟರ್ ಕೊಂಡ. ಊಟದ ತಟ್ಟೆಯಲ್ಲಿ ಆಲೂಗಡ್ಡೆ ಪಲ್ಯ, ಸಾಸೇಜು, ಉಪ್ಪಿನಕಾಯಿ ಸೌತೆ ಬಡಿಸಿದರೆ ತಲೆಯನ್ನು ಒಂದು ಕಡೆಗೆ ವಾಲಿಸಿ ನೋಡತೊಡಗಿದ.

"ಏನಾಯ್ತು? ಕೂದಲು ಬಿದ್ದಿದೆಯಾ?" ಎಂದಳು ರೋಸ್‌ವಿಟಾ.

"ಎಡಗಡೆ ಭಾರ ಜಾಸ್ತಿಯಾಯ್ತು. ಸಮತೋಲ ಇಲ್ಲ."

"ಸಾಸೇಜು ತಿಂದುಬಿಡು, ಸಮತೋಲ ಬರುತ್ತೆ."

"ನಿನಗೆ ಕಲೆ ತಿಳಿಯಲ್ಲ ರೋಸ್‌ವಿಟಾ."

"ನಿನಗೆ ಹೋದ ತಿಂಗಳವರೆಗೂ ತಿಳೀತಿರಲಿಲ್ಲ. ಅಂಚೇಲಿ ಬಂತಾ?"

ನವೆಂಬರಿನಲ್ಲಿ ತೀರ್ಪು. ಕಲಾವಿದರ ಹೆಸರಿಲ್ಲ; ಪ್ರತಿಯೊಂದು ಯೋಜನೆಗೂ ಒಂದು ಸಂಖ್ಯೆ ಮಾತ್ರ. ಕಂಚಿನ ಕಪ್ಪೆ, ನೀಲಿ ದೀಪಗಳ ಸುರುಳಿ, ಏನೂ ಇಲ್ಲದ ಒಂದು ಬಿಳಿ ಗೋಡೆ (ಇದಕ್ಕೆ ಹನ್ನೊಂದು ಪುಟಗಳ ವಿವರಣೆ) ಎಲ್ಲ ಆದ ಮೇಲೆ ನಾನೂರ ಹದಿನೇಳನೇ ಸಂಖ್ಯೆ ಬಂತು. ಊರಿನವರು ಬೇಡವೆಂದು ಹೊರಹಾಕಿದ ಏಳು ಕುರ್ಚಿಗಳನ್ನು ಆರಿಸಿ ತಂದು ಕಾಯುವ ಹಾಲಿನಲ್ಲಿ ಇಡುವುದು. ಟೋಕನ್ ಹಿಡಿದು ಕಾಯುವವರು ಕಚೇರಿಯ ತಣ್ಣನೆಯ ಉಕ್ಕಿನ ಕುರ್ಚಿಯ ಬದಲು, ಯಾರದ್ದೋ ಮನೆಯಲ್ಲಿ ಬದುಕು ಸವೆಸಿದ ಕುರ್ಚಿಯಲ್ಲಿ ಕೂರಲಿ ಎಂಬುದು ಆಶಯ. ಕಲೆ ಬಲ್ಲವರೆಲ್ಲ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರ ಮೆಚ್ಚುಗೆಯ ಲಕ್ಷಣ.

ಲೂಡ್ಗರ್ ಕೈಯೆತ್ತಿದ.

"ಜನ ಅದರ ಮೇಲೆ ಕೂರ್ತಾರಾ?"

"ಅದೇ ಅದರ ತಿರುಳು, ಹೆರ್ ಟೆಂಬ್ರಿಂಕ್," ಎಂದರು ಫ್ರಾವ್ ಡಾಕ್ಟರ್ ಹೆಲ್ಮಿಗ್.

"ಕೂತರೆ ಕೊಳೆಯಾಗುತ್ತೆ. ಮಳೇಲಿ ನೆಂದು ಬಂದವರು ಕೂರ್ತಾರೆ, ನಾಯಿ ನೋಂದಣಿಗೆ ಬಂದ ನಾಯಿ ಕೂರುತ್ತೆ. ಕಾಲು ಮುರಿದು ಯಾರಾದ್ರೂ ಬಿದ್ದರೆ ವಿಮೆಯವರಿಗೆ ಉತ್ತರ ಕೊಡೋದು ಯಾರು? ಕುರ್ಚಿ ಕುರ್ಚಿಯಾಗಿರೋವಾಗ ಕೂರಲಿ. ಕಲೆ ಆಯ್ತು ಅಂದ್ಮೇಲೆ ಅದು ಮೇಲಿರಬೇಕು. ಗೋಡೆಗೆ ಹಾಕಿ. ಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್ ಎತ್ತರಕ್ಕೆ. ಎಷ್ಟೇ ಉದ್ದದವನು ಕೈ ಎತ್ತಿದ್ರೂ ಸಿಗಬಾರದು."

ಕಲೆ ಬಲ್ಲವರಲ್ಲಿ ಒಬ್ಬರು "ಕೈಗೆ ಸಿಗದ ವಿಶ್ರಾಂತಿ..." ಎಂದು ಗೊಣಗಿದರು. ಇನ್ನೊಬ್ಬರು ಮತ್ತೆ ಕನ್ನಡಕ ತೆಗೆದರು. ಸರ್ವಾನುಮತದಿಂದ ಪಾಸಾಯಿತು. ನಡಾವಳಿ ಪುಸ್ತಕದಲ್ಲಿ "ಹೆರ್ ಟೆಂಬ್ರಿಂಕ್ ಅವರ ಸಲಹೆಯ ಮೇರೆಗೆ" ಎಂದು ದಾಖಲಾಯಿತು. ಲೂಡ್ಗರ್ ಆ ಪುಟದ ಪ್ರತಿ ತೆಗೆಸಿ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಹಾಲು ತೆಗೆಯುವಾಗಲೆಲ್ಲ ರೋಸ್‌ವಿಟಾ ಅದನ್ನು ಓದಲೇಬೇಕಾಗಿತ್ತು.

ಏಪ್ರಿಲ್ಲಿನಲ್ಲಿ ಎರಡನೆಯ ಸಭೆ. ನಾನೂರ ಹದಿನೇಳು ಈಗ ಮನುಷ್ಯರೂಪದಲ್ಲಿ ಬಂದಿತ್ತು: ಮೆರ್ಲೆ ಓಸ್ಟೆನ್‌ಡಾರ್ಫ್ ಎಂಬ ಮೂವತ್ತರ ಕಲಾವಿದೆ, ಬಣ್ಣ ಮೆತ್ತಿದ ಪ್ಯಾಂಟು, ಬೆನ್ನಿಗೊಂದು ಚೀಲ. "ಗೋಡೆಯ ಮೇಲೆ ಹಾಕೋ ವಿಚಾರ ಕೇಳಿ ಮೊದಲು ಅತ್ತೆ," ಎಂದಳು. "ಆಮೇಲೆ ಯೋಚಿಸಿದೆ. ನನ್ನದಕ್ಕಿಂತ ಅದೇ ಚೆನ್ನಾಗಿದೆ. ನಿಮಗೆ ಹೊಳೆದದ್ದಾ, ಹೆರ್ ಟೆಂಬ್ರಿಂಕ್?"

ಲೂಡ್ಗರ್ ಸ್ವೆಟರಿನ ಕತ್ತು ಸರಿಮಾಡಿಕೊಂಡ. "ಬಂತು, ಹೇಳಿದೆ."

ಉತ್ಸಾಹ ಏರಿತು. ಕುರ್ಚಿಯೊಂದಕ್ಕೆ ನಾಲ್ಕು ಬೋಲ್ಟು ಬೇಕೆಂದ. ಮುಟ್ಟಿದರೆ ಸೈರನ್ ಹೊಡೆಯಬೇಕೆಂದ. ಕಟ್ಟಡ ನಿಂತಿರುವಷ್ಟು ಕಾಲ ಯಾರೂ ಅದನ್ನು ತೆಗೆಯಬಾರದು, ಸರಿಸಬಾರದು, ಬದಲಿಸಬಾರದು ಎಂದು ಕರಾರಿನಲ್ಲೇ ಬರೆಯಬೇಕೆಂದ. "ಅದು ಹೇಗೂ ಕಾನೂನಿನಲ್ಲಿದೆಯಲ್ಲ," ಎಂದರು ಫ್ರಾವ್ ಡಾಕ್ಟರ್ ಹೆಲ್ಮಿಗ್. "ಎರಡು ಸಲ ಇರಲಿ," ಎಂದ ಲೂಡ್ಗರ್.

ನಾಲ್ಕು ಗಂಟೆಗೆ ಮೆರ್ಲೆ ಎದ್ದಳು. "ಕ್ಷಮಿಸಿ, ನಾನು ಹೊರಡ್ತೀನಿ. ಇವತ್ತು ನಿಮ್ಮೂರಲ್ಲಿ ದೊಡ್ಡ ಕಸದ ದಿನ ಅಂತೆ. ಏಳು ಕುರ್ಚಿ ಹುಡುಕಬೇಕು."

"ನಮ್ಮ ಲಿಂಡೆನ್ ಬೀದಿಗೆ ಹೋಗಿ," ಎಂದ ಲೂಡ್ಗರ್ ಧಾರಾಳವಾಗಿ. "ನಮ್ಮ ಬೀದಿಯವರು ಯೋಗ್ಯರು. ಒಳ್ಳೆ ಸಾಮಾನು ಸಿಗುತ್ತೆ."

ಹಾಗೆ ಹೇಳಿದ ಕ್ಷಣ ಅವನ ತಲೆಯ ಹಿಂಭಾಗದಲ್ಲಿ ಏನೋ ಚುಳ್ಳೆಂದಿತು, ಒಲೆ ಆರಿಸದೆ ಮನೆ ಬಿಟ್ಟು ಬಂದವನಿಗೆ ಆಗುವ ಹಾಗೆ. ಅಷ್ಟರಲ್ಲಿ ಫ್ರಾವ್ ಡಾಕ್ಟರ್ ಹೆಲ್ಮಿಗ್, "ಹೆರ್ ಟೆಂಬ್ರಿಂಕ್, ಬೋಲ್ಟು ಹತ್ತು ಮಿಲಿಮೀಟರಿನದೋ ಹನ್ನೆರಡರದೋ?" ಎಂದು ಕೇಳಿದರು. ಇಡೀ ಸಭೆ ಅವನ ಬಾಯಿಯನ್ನೇ ನೋಡುತ್ತಿತ್ತು. ಚುಳ್ಳೆಂದದ್ದು ಮಾಯವಾಯಿತು. ಹನ್ನೆರಡು ಮಿಲಿಮೀಟರಿನ ಬೋಲ್ಟಿನ ಗುಣಗಾನ ಏಳು ಗಂಟೆಯವರೆಗೆ ನಡೆಯಿತು.

ಮನೆಗೆ ಬಂದಾಗ ಫುಟ್‌ಪಾತಿನ ಮೇಲೆ ಒಂದು ತುಕ್ಕು ಹಿಡಿದ ಸೈಕಲ್ಲು, ಇಸ್ತ್ರಿ ಹಲಗೆ. ಕುರ್ಚಿ ಇಲ್ಲ. ಈ ಸಲ ಹೆಂಡತಿ ಸೋಲೊಪ್ಪಿಕೊಂಡಳು ಎಂದು ಖುಷಿಯಿಂದ ಒಳಗೆ ಹೋದ. ಕುರ್ಚಿಯ ಜಾಗದಲ್ಲಿ ಅಗಲ ಎಲೆಯ ಒಂದು ಹೂಕುಂಡ.

"ನನ್ನ ಕುರ್ಚಿ ಎಲ್ಲಿ?"

"ಹೊರಗೆ."

"ಹೊರಗಿಲ್ಲ."

"ಹಾಗಾದ್ರೆ ಹೋಯ್ತು." ರೋಸ್‌ವಿಟಾ ಈಗಷ್ಟೇ ಹಾಡಿನ ಬಳಗದಿಂದ ಬಂದಿದ್ದಳು, ಇನ್ನೂ ಕೋಟು ಬಿಚ್ಚಿರಲಿಲ್ಲ.

"ಹೋಯ್ತು ಅಂದ್ರೆ? ಯಾರು ತಗೊಂಡು ಹೋದ್ರು?"

"ನಾನೇನು ಕಾವಲು ಕೂತಿದ್ನಾ? ಹಾಡೋಕೆ ಹೋಗಿದ್ದೆ."

"ನೀನು ಹೇಗೆ ಅದನ್ನ ಹೊರಗಿಟ್ಟು ಹೋದೆ?"

"ಇಪ್ಪತ್ತೊಂಬತ್ತು ವರ್ಷ ಹೇಗಿಟ್ಟೆನೋ ಹಾಗೇ. ಇಡೋದು ನಾನು, ತರೋದು ನೀನು. ನನ್ನ ಕೆಲಸ ನಾನು ಮಾಡಿದೀನಿ ಲೂಡ್ಗರ್. ನೀನೆಲ್ಲಿದ್ದೆ?"

ಬೋಲ್ಟಿನ ವಿಷಯ ಮಾತಾಡುತ್ತಿದ್ದವನು ಫುಟ್‌ಪಾತನ್ನು ಮತ್ತೊಮ್ಮೆ ನೋಡಲು ಹೊರಗೆ ಹೋದ.

ನಿಮಗೆ ಈಗಾಗಲೇ ಹೊಳೆದಿರುತ್ತದೆ. ಲೂಡ್ಗರನಿಗೆ ಹೊಳೆಯಲಿಲ್ಲ. ಅವನ ತಲೆಯಲ್ಲಿ ಕಲೆಗೊಂದು ಕಪಾಟು, ಕುರ್ಚಿಗೊಂದು ಕಪಾಟು. ಎರಡಕ್ಕೂ ಬೇರೆ ಬೇರೆ ಬೀಗ. ಹಳೆ ಕಬ್ಬಿಣ ಆಯುವವರ ಮೇಲೆ ಅನುಮಾನಪಟ್ಟ. ಬೇಕರಿಯ ಗೋಡೆಗೆ "ಕಂದು ಕುರ್ಚಿ ಒಯ್ದವರು ದಯವಿಟ್ಟು ಮರಳಿಸಿ, ಪ್ರಶ್ನೆ ಕೇಳುವುದಿಲ್ಲ" ಎಂದು ಚೀಟಿ ಹಚ್ಚಿದ. ಒಂದು ದಿನ ನನ್ನ ಮನೆಗೂ ಬಂದು, ಕಾಫಿ ಕುಡಿಯುವ ನೆಪದಲ್ಲಿ ಕೋಣೆ ಕೋಣೆಗೆ ಇಣುಕಿ ಹೋದ. "ದೀಪ ತಗೊಂಡವನು ನೀನೇ ಅಲ್ವಾ, ಅದಕ್ಕೆ," ಎಂದ. ಬೇಜಾರು ಮಾಡಿಕೊಳ್ಳಲಿಲ್ಲ ನಾನು. ಅವನ ಮುಖ ಹಾಗಿತ್ತು.

ರೋಸ್‌ವಿಟಾ ಹೊಸ ಸೋಫಾ ತರಿಸಿದಳು. ಬೂದು ಬಣ್ಣ, ಸಪೂರ ಕಾಲು. ಲೂಡ್ಗರ್ ಅದರ ತುದಿಯಲ್ಲಿ ಮೊಣಕಾಲು ಜೋಡಿಸಿ, ತನ್ನ ಸರದಿಗೆ ಕಾಯುವವನ ಹಾಗೆ ಕೂರುತ್ತಿದ್ದ. ಶನಿವಾರದ ಫುಟ್‌ಬಾಲ್ ಕಾಮೆಂಟರಿಯಲ್ಲಿ ನಮ್ಮವರು ಗೋಲು ಹೊಡೆದರೂ "ಹೂಂ" ಎನ್ನುತ್ತಿದ್ದ. ಜೂನಿನಲ್ಲಿ ಕಲಾಕೃತಿಯ ಅಗ್ನಿಸುರಕ್ಷತೆಯ ಕಾಗದ ಅವನ ಸಹಿಗೆ ಬಂತು. ಏಳು ಕುರ್ಚಿಗಳಿಗೂ ಬೆಂಕಿ ತಡೆಯುವ ದ್ರವ ಹಾಕಲಾಗಿದೆ ಎಂದೂ, ನಾಲ್ಕನೆಯದಕ್ಕೆ "ಕಂದು ಬಣ್ಣ, ಒಂದು ಕಾಲು ಬದಲಿ" ಎಂದೂ ಬರೆದಿತ್ತು. ಲೂಡ್ಗರ್ ಅದನ್ನು ಎರಡು ಸಲ ಓದಿ, ಪುಟಸಂಖ್ಯೆ ಹಾಕಿಲ್ಲವೆಂದು ಆಕ್ಷೇಪಿಸಿ, ಸಹಿ ಮಾಡಿದ. ಕುರ್ಚಿಗಳನ್ನು ಗೋಡೆಗೆ ಏರಿಸಿದ ಆಗಸ್ಟಿನಲ್ಲಿ ಅವನು ಮೂರು ವಾರದ ರಜೆಯ ಮೇಲೆ ಸಮುದ್ರದಂಡೆಯಲ್ಲಿದ್ದ. ಅಲ್ಲಿ ಬಾಡಿಗೆಗೆ ಸಿಗುವ ಬೆತ್ತದ ಆಸನ ಬೆನ್ನಿಗೆ ಒತ್ತುತ್ತದೆಂದು ದೂರು ಬರೆದುಕೊಟ್ಟು ಬಂದ.

ಸೆಪ್ಟೆಂಬರಿನಲ್ಲಿ ಉದ್ಘಾಟನೆ. ಊರಿಗೆ ಊರೇ ಸೇರಿತ್ತು. ಗಂಟು ಹಾಕಿದ ಉಪ್ಪು ಬ್ರೆಡ್ಡು, ತಣ್ಣನೆಯ ದ್ರಾಕ್ಷಾರಸ, ನಗರಾಧ್ಯಕ್ಷರ ಭಾಷಣ. ಕಪ್ಪು ಸ್ವೆಟರಿನಲ್ಲಿ ಬೆವರುತ್ತ ಲೂಡ್ಗರ್ ಮೊದಲ ಸಾಲಿನಲ್ಲಿ. ಗೋಡೆಯ ಮೇಲಿನ ಬಿಳಿ ಬಟ್ಟೆ ಸರ್ರನೆ ಜಾರಿತು. ಜನ ತಲೆಯೆತ್ತಿದರು.

ಅಡಿಗೆಮನೆಯ ಮರದ ಕುರ್ಚಿ. ಮಗುವಿನ ಎತ್ತರದ ಕುರ್ಚಿ. ಚಕ್ರವಿರುವ ಆಫೀಸಿನ ಕುರ್ಚಿ. ನಾಲ್ಕನೆಯದು ನಟ್ಟನಡುವೆ, ಕಂದು ಕಾರ್ಡುರಾಯ್, ಬಲತೋಳಿನ ಮೇಲೆ ಉಂಗುರ ಉಂಗುರ, ಹಿಂದಿನ ಎಡಗಾಲಿಗೆ ಬೇಲಿ ಗೂಟ.

"ಅದು ನನ್ನ ಕುರ್ಚಿ!" ಎಂದು ಲೂಡ್ಗರ್ ಕೂಗಿದ. "ದೇವರೇ, ಅದು ನನ್ನ ಕುರ್ಚಿ!"

ಹಾಲಿನ ತುಂಬ ಚಪ್ಪಾಳೆ. ಮೆರ್ಲೆ ಓಡಿಬಂದು ಅವನನ್ನು ತಬ್ಬಿಕೊಂಡಳು. "ಇದೇ! ಇದೇ ನನಗೆ ಬೇಕಾಗಿದ್ದು! ನೋಡಿದವರಿಗೆಲ್ಲ ಅದು ತಮ್ಮದೇ ಕುರ್ಚಿ ಅನ್ನಿಸಬೇಕು!"

"ಅನ್ನಿಸೋದಲ್ಲಮ್ಮಾ, ನನ್ನದೇ..."

ಕಲೆ ಬಲ್ಲವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮಾರನೆಯ ದಿನ ಪತ್ರಿಕೆಯಲ್ಲಿ ಕಣ್ಣೀರು ತುಂಬಿದ ಲೂಡ್ಗರನ ಫೋಟೋ. ರೋಸ್‌ವಿಟಾ ಅದನ್ನೂ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು.

ಸೋಮವಾರ ಬೆಳಿಗ್ಗೆಯೇ ಲೂಡ್ಗರ್ ಫ್ರಾವ್ ಡಾಕ್ಟರ್ ಹೆಲ್ಮಿಗ್ ಅವರ ಬಾಗಿಲು ತಟ್ಟಿದ. ನಾಲ್ಕನೆಯ ಕುರ್ಚಿ ಇಳಿಸಿ ಕೊಡಿ, ಬದಲಿಗೆ ಬೂದು ಸೋಫಾ ಕೊಡುತ್ತೇನೆ ಎಂದ. ಅವರು ಕಡತ ತೆಗೆದು ಮೆತ್ತನೆಯ ದನಿಯಲ್ಲಿ ಓದಿದರು. "ತೆಗೆಯಬಾರದು, ಸರಿಸಬಾರದು, ಬದಲಿಸಬಾರದು. ಹೆರ್ ಟೆಂಬ್ರಿಂಕ್ ಅವರ ಸಲಹೆಯ ಮೇರೆಗೆ."

"ನನ್ನ ಸಲಹೆ ನಾನೇ ವಾಪಸ್ ತಗೋತೀನಿ."

"ಎರಡು ಸಲ ಬರೆಸಿದ್ದೀರಿ."

ಅದೊಂದು ಕಷ್ಟದ ತಿಂಗಳು. ದಿನಕ್ಕೆ ಹತ್ತು ಸಲ ಆ ಹಾಲಿನಲ್ಲಿ ಓಡಾಡಬೇಕು. ತಲೆಯೆತ್ತಿದರೆ ಕುರ್ಚಿ, ತಲೆ ತಗ್ಗಿಸಿದರೆ ಅದರ ನೆರಳು. ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಊರು ಚರ್ಚಿನಲ್ಲಿದ್ದಾಗ ಲೂಡ್ಗರನಿಂದ ತಡೆಯಲಾಗಲಿಲ್ಲ. ನಲವತ್ತೆರಡು ಬೀಗದ ಕೈಯಿದ್ದವನನ್ನು ತಡೆಯುವವರು ಯಾರು? ಬಾಗಿಲು ತೆಗೆದ, ಏಣಿ ತಂದ, ಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಏರಿದ. ಮೇಲೆ ಹೋಗಿ ಜೋಪಾನವಾಗಿ ತಿರುಗಿ, ಕೂತ.

ಕೊಂಯ್.

ಅರ್ಧ ವರ್ಷದ ಬೆನ್ನುನೋವು ಆ ಒಂದು ಸದ್ದಿನಲ್ಲಿ ಕರಗಿ ಹೋಯಿತಂತೆ. ತೊಂಬತ್ತಾರು ಕಿಲೋ ಭಾರವನ್ನು ಹನ್ನೆರಡು ಮಿಲಿಮೀಟರಿನ ಬೋಲ್ಟುಗಳು ಹೂವಿನ ಹಾಗೆ ಹೊತ್ತವು. ಒಳ್ಳೆಯ ಬೋಲ್ಟು ಎಂದುಕೊಂಡ ಲೂಡ್ಗರ್. ಮರುಕ್ಷಣ ಇನ್ನೊಂದು ಸಲಹೆಯೂ ಕೆಲಸ ಮಾಡಿತು: ಸೈರನ್. ಬೆಚ್ಚಿಬಿದ್ದು ಕಾಲು ಒದೆದದ್ದಕ್ಕೆ ಏಣಿ ಧಡಾರನೆ ನೆಲಕ್ಕೆ ಬಿತ್ತು.

ನಮ್ಮೂರ ಅಗ್ನಿಶಾಮಕ ದಳದಲ್ಲಿ ಸಂಬಳದವರಿಲ್ಲ. ಬೇಕರಿಯವನು, ಕ್ಷೌರಿಕ, ಶಾಲೆಯ ಮೇಷ್ಟ್ರು ಎಲ್ಲ ಸೈರನ್ ಕೇಳಿದರೆ ಹೆಲ್ಮೆಟ್ ಹಾಕಿಕೊಂಡು ಬರುತ್ತಾರೆ. ಅವರ ಹಿಂದೆ ಚರ್ಚೂ ಬಂತು, ಪ್ರಾರ್ಥನೆ ಅರ್ಧಕ್ಕೆ ಬಿಟ್ಟು. ಎಲ್ಲರೂ ಹಾಲಿಗೆ ನುಗ್ಗಿ ನೋಡಿದರೆ, ಗೋಡೆಯ ನಡುವೆ, ಕಾಲು ಇಳಿಬಿಟ್ಟು, ಮಡಿಲಲ್ಲಿ ಪತ್ರಿಕೆ ಇಟ್ಟುಕೊಂಡು ಕೂತಿದ್ದಾನೆ ನಮ್ಮ ಹೌಸ್‌ಮೈಸ್ಟರ್.

"ಲೂಡ್ಗರ್!" ಎಂದ ದಳದ ನಾಯಕನಾದ ಬೇಕರಿಯವನು. "ಅಲ್ಲೇನು ಮಾಡ್ತಿದೀಯ?"

"ಕೂತಿದೀನಿ."

"ಅದು ಕಾಣ್ತಿದೆ ಮಾರಾಯ. ಯಾಕೆ?"

ನೌಕರಿ, ಪಿಂಚಣಿ, ನಲವತ್ತೆರಡು ಬೀಗದ ಕೈ ಎಲ್ಲ ಲೂಡ್ಗರನ ಕಣ್ಣ ಮುಂದೆ ಸಾಲಾಗಿ ಬಂದು ಕೈ ಬೀಸಿ ಹೋದವು. ಆಗ ಗುಂಪಿನ ಹಿಂದಿನಿಂದ ರೋಸ್‌ವಿಟಾಳ ದನಿ ಕೇಳಿತು, ಹಾಡಿನ ಬಳಗದಲ್ಲಿ ಪಳಗಿದ ದನಿ.

"ಸೈರನ್ ಪರೀಕ್ಷೆ ಮಾಡ್ತಿದಾನೆ! ಮನೇಲಿ ಹೇಳೇ ಬಂದಿದ್ದ, ಭಾನುವಾರ ಆದ್ರೆ ಜನಕ್ಕೆ ತೊಂದರೆ ಆಗಲ್ಲ ಅಂತ! ಕೆಲಸ ಮಾಡುತ್ತೆ ಅಲ್ವಾ ಲೂಡ್ಗರ್?"

"ಮಾಡುತ್ತೆ," ಎಂದ ಮೇಲಿನಿಂದ, ಸಣ್ಣ ದನಿಯಲ್ಲಿ.

"ಹಾಗಾದ್ರೆ ಇಳಿ. ಊಟ ಆರುತ್ತೆ."

ಭಾನುವಾರವೂ ಬಿಡುವು ತೆಗೆದುಕೊಳ್ಳದೆ ಸುರಕ್ಷತೆ ಪರೀಕ್ಷಿಸಿದ್ದಕ್ಕೆ ಫ್ರಾವ್ ಡಾಕ್ಟರ್ ಹೆಲ್ಮಿಗ್ ಅವರಿಂದ ಮೆಚ್ಚುಗೆ ಪತ್ರ ಬಂತು. ಫ್ರಿಜ್ಜಿನ ಮೇಲೆ ಜಾಗವಿರಲಿಲ್ಲವಾದ್ದರಿಂದ ಲೂಡ್ಗರ್ ಅದನ್ನು ಡ್ರಾಯರಿನಲ್ಲಿಟ್ಟ. ಹಿಂದಿನ ಲೂಡ್ಗರ್ ಆಗಿದ್ದರೆ ಜಾಗ ಮಾಡುತ್ತಿದ್ದ. ಕಪ್ಪು ಸ್ವೆಟರೂ ಆಮೇಲೆ ಕಾಣಲಿಲ್ಲ.

ಇದಾದ ಮರುವಾರ ಮೆರ್ಲೆ ಟೆಂಬ್ರಿಂಕರ ಮನೆಗೆ ಕಾಫಿಗೆ ಬಂದಿದ್ದಳು. ಕರೆದದ್ದು ರೋಸ್‌ವಿಟಾ, ಲೂಡ್ಗರ್ ಮನೆಯಲ್ಲಿರದ ಹೊತ್ತು ನೋಡಿ. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ, ಎರಡು ಸುತ್ತು ಪ್ಲಮ್ ಕೇಕು ಹೋದದ್ದು ಮಾತ್ರ ನನ್ನ ಕಿಟಕಿಯಿಂದ ಕಾಣಿಸಿತು. ತಿಂಗಳೊಪ್ಪತ್ತಿನಲ್ಲಿ ಕಲಾಕೃತಿಯ ನಿರ್ವಹಣೆಯ ಸೂಚನೆ ಇಲಾಖೆಗೆ ಬಂತು. ಕಲಾವಿದೆಯ ಸಹಿ, ಮೊಹರು. ಆರು ಕುರ್ಚಿಗಳ ಧೂಳು ಒರೆಸಿದರೆ ಸಾಕು. ನಾಲ್ಕನೆಯದರ ಸ್ಪ್ರಿಂಗು ಹಳೆಯದಾದ್ದರಿಂದ ತುಕ್ಕು ಹಿಡಿಯದಂತೆ ಪ್ರತಿ ತಿಂಗಳ ಮೊದಲ ಶನಿವಾರ, ಸೈರನ್ ಆರಿಸಿ, ಸುಮಾರು ತೊಂಬತ್ತಾರು ಕಿಲೋ ತೂಕದ ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಒಂದೂವರೆ ಗಂಟೆ ಕಾಲ ಅದರಲ್ಲಿ ಕೂರತಕ್ಕದ್ದು. ಈ ಸೂಚನೆಯನ್ನೂ ಕಟ್ಟಡ ನಿಂತಿರುವಷ್ಟು ಕಾಲ ಬದಲಿಸುವಂತಿಲ್ಲ.

ಇಲಾಖೆಯಲ್ಲಿ ಅಷ್ಟು ತೂಕದ ಜವಾಬ್ದಾರಿಯುತ ವ್ಯಕ್ತಿ ಒಬ್ಬನೇ.

ಈಗ ಮೊದಲ ಶನಿವಾರ ನೀವು ಕಚೇರಿಗೆ ಹೋದರೆ (ಅಂದು ಮಧ್ಯಾಹ್ನದವರೆಗೆ ತೆರೆದಿರುತ್ತದೆ) ಗೋಡೆಯ ಮೇಲೆ ಲೂಡ್ಗರ್ ಪತ್ರಿಕೆ ಓದುತ್ತಿರುತ್ತಾನೆ. ಕೆಳಗೆ ಟೋಕನ್ ಹಿಡಿದವರು ಉಕ್ಕಿನ ಕುರ್ಚಿಯಲ್ಲಿ ಕೂತು ಅವನನ್ನು ನೋಡುತ್ತಿರುತ್ತಾರೆ. ನಾಯಿ ನೋಂದಣಿಗೆ ಬಂದಿದ್ದ ಅಜ್ಜಿಯೊಬ್ಬರು ಕೌಂಟರಿನಲ್ಲಿ, "ಆ ಗೊಂಬೆ ಥೇಟ್ ಮನುಷ್ಯನ ಹಾಗೇ ಇದೆ, ಆದ್ರೆ ಸರ್ಕಾರದ ದುಡ್ಡಲ್ಲಿ ಅಷ್ಟು ದೊಡ್ಡ ಹೊಟ್ಟೆ ಮಾಡಿಸಬೇಕಿತ್ತಾ?" ಎಂದು ಕೇಳಿದರಂತೆ. ಲೂಡ್ಗರ್ ಪುಟ ಮಗುಚಿದಾಗ ಅವರ ನಾಯಿ ಒಂದು ಸುತ್ತು ಬೊಗಳಿತಂತೆ. ಅವನಿಗೆ ಇದರಿಂದೆಲ್ಲ ಏನೂ ಅನಿಸುವುದಿಲ್ಲ. "ಮೇಲೆ ಗಾಳಿ ಚೆನ್ನಾಗಿದೆ," ಎನ್ನುತ್ತಾನೆ. ಮನೆಯ ಬೂದು ಸೋಫಾದಲ್ಲೂ ಈಚೆಗೆ ಬೆನ್ನು ಒರಗಿಸಿ ಕೂರುತ್ತಾನೆ. ತಿಂಗಳಿಗೊಂದು ಶನಿವಾರ ಇದೆಯೆಂಬ ಧೈರ್ಯದಿಂದ.

ಮೊನ್ನೆ ದೊಡ್ಡ ಕಸದ ದಿನ. ರೋಸ್‌ವಿಟಾಳಿಗೆ ಹೊರಗಿಡಲು ಏನೂ ಇರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತು, ಬೇರೆಯವರು ಹೊರಗಿಡುವುದನ್ನು ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಬಹಳ ದಿನದಿಂದ ನಾಲಿಗೆ ತುದಿಯಲ್ಲಿದ್ದ ಪ್ರಶ್ನೆ ಕೇಳಿಯೇಬಿಟ್ಟೆ.

"ರೋಸ್‌ವಿಟಾ, ನಿಜ ಹೇಳು. ಆ ಕುರ್ಚಿ ಕಲೆಯಾ?"

"ಅದರಲ್ಲೇನಿದೆ ಮಣ್ಣು! ಕುರ್ಚಿ ಅದು," ಎಂದಳು. "ಅದನ್ನ ನನ್ನ ಮನೆಯಿಂದ ಹೊರಗೆ ಹಾಕಿದೆನಲ್ಲ, ಅದು ಕಲೆ."